ಬೀಗ ಹಾಕಿಯೇ ಇತ್ತು

ರಾಜ್ಯೋತ್ಸವ ಮುಗಿದು ಹತ್ತು ದಿನವಾಗಿತ್ತು. ಕ್ಯಾಂಟೀನಿನಲ್ಲಿ ಚಿತ್ರಾನ್ನದ ಸಾಲಲ್ಲಿ ನಿಂತಿದ್ದಾಗ ಮೊದಲ ವರ್ಷದ ಹುಡುಗಿಯೊಬ್ಬಳು ಬಂದು, "ಅಣ್ಣಾ, ನಮ್ಮೂರ ಪದ ಸೈಟ್ ಖಾಲಿ ಇದೆಯಲ್ಲಾ? ನಮ್ಮಜ್ಜಿ ಹೇಳಿದ ಪದಾನೂ ಇಲ್ಲ" ಅಂದಳು. ಹಿಂದಿನ ರಾತ್ರಿ ಸೈಟಿಗೆ ಹೊಸ ಪುಟ ಹಾಕಿದ್ದೆವು. ಅದರಲ್ಲೇನೋ ಎಡವಟ್ಟಾಗಿರಬೇಕು ಅಂದುಕೊಂಡು "ತಿಂಡಿ ತಿಂದು ನೋಡ್ತೀವಿ ಬಿಡು" ಅಂದೆವು. ತಿಂಡಿ ತಿಂದು, ಕಾಫಿಯನ್ನೂ ಕುಡಿದು, ಮೊದಲ ಕ್ಲಾಸಿನ ಕೊನೆಯ ಬೆಂಚಲ್ಲಿ ಲ್ಯಾಪ್‌ಟಾಪ್ ತೆಗೆದೆವು. ಪುಟವೇನೋ ಸರಿಯಾಗಿಯೇ ಇತ್ತು. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ "ಒಟ್ಟು ಪದಗಳು: 0" ಅಂತಿತ್ತು.

ಡೇಟಾಬೇಸ್ ತೆರೆದರೆ ನಮ್ಮ ಕಲೆಕ್ಷನ್‌ಗಳು ಒಂದೂ ಇಲ್ಲ. ಅವುಗಳ ಜಾಗದಲ್ಲಿ ನಾವು ಮಾಡದ ಒಂದು ಹೊಸ ಕಲೆಕ್ಷನ್. ಅದರೊಳಗೆ ಒಂದೇ ಒಂದು ದಾಖಲೆ: ನಿಮ್ಮ ಡೇಟಾ ನಮ್ಮ ಹತ್ತಿರ ಇದೆ, ಇಷ್ಟು ಬಿಟ್‌ಕಾಯಿನ್ ಕಳಿಸಿದರೆ ವಾಪಸ್ ಕೊಡ್ತೀವಿ, ಇಲ್ಲದಿದ್ದರೆ ಊರಿಗೆಲ್ಲ ಹಂಚ್ತೀವಿ ಅನ್ನೋ ಅರ್ಥದ ಇಂಗ್ಲಿಷ್. ಅದನ್ನು ಓದುವಾಗ ಮುಂದೆ ಬೋರ್ಡಿನ ಮೇಲೆ ಏನು ಬರೆಯುತ್ತಿದ್ದರೋ ನಮಗೆ ಈಗಲೂ ನೆನಪಿಲ್ಲ.

"ನಮ್ಮೂರ ಪದ" ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕನ್ನಡ ಸಂಘದಿಂದ ಎರಡು ತಿಂಗಳು ನಡೆಸಿದ ಕೆಲಸ ಅದು. ಹಾಸ್ಟೆಲಿನಲ್ಲಿ ಬೀದರಿನವನ ಪಕ್ಕದ ಮಂಚದಲ್ಲಿ ಕುಂದಾಪುರದವನು ಮಲಗಿರುತ್ತಾನೆ. ಒಬ್ಬನ ಪಡಸಾಲೆ ಇನ್ನೊಬ್ಬನಿಗೆ ಗೊತ್ತಿಲ್ಲ, ಇವನ ಹಡಿಲು ಗದ್ದೆ ಅವನಿಗೆ ಗೊತ್ತಿಲ್ಲ. ಹಾಗಾಗಿ ರಜೆಗೆ ಊರಿಗೆ ಹೋದವರೆಲ್ಲ ಮನೆಯ ಹಿರಿಯರ ಬಾಯಲ್ಲಿ ಒಂದೊಂದು ಪದ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಅರ್ಥ, ಊರು ಸೇರಿಸಿ ಸೈಟಿಗೆ ಹಾಕಬೇಕು ಅಂತ ಮಾಡಿದ್ದೆವು. ಸುಮಾರು 900 ಪದ ಬಂದಿದ್ದವು. ಪದದ ಜೊತೆಗೆ ಕೊಟ್ಟವರ ಹೆಸರು, ತರಗತಿ, ಮೊಬೈಲ್ ನಂಬರ್ ಕೂಡ ತೆಗೆದುಕೊಂಡಿದ್ದೆವು. ನಂಬರ್ ಯಾಕೆ ತೆಗೆದುಕೊಂಡೆವು ಅಂತ ಈಗ ಕೇಳಿದರೆ ಸರಿಯಾದ ಉತ್ತರವಿಲ್ಲ. ಫಾರ್ಮ್ ಅಂದಮೇಲೆ ನಂಬರ್ ಇರುತ್ತದೆ ಅನ್ನೋ ರೂಢಿ, ಅಷ್ಟೇ.

ನಾವು ಮೂವರು ಕೊನೆಯ ವರ್ಷದವರು. ನಮ್ಮ ಜೊತೆ ಎರಡನೇ ವರ್ಷದ ಒಬ್ಬ ಹುಡುಗ ಇದ್ದ, ಸರ್ವರ್ ನೋಡಿಕೊಳ್ಳೋದು ಅವನ ಕೆಲಸ. ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುವ ಕ್ರೆಡಿಟ್‌ನಲ್ಲಿ ಒಂದು ಕ್ಲೌಡ್ ವಿಎಂ, ಅದರ ಮೇಲೆ ಉಬುಂಟು, ಅದರ ಮೇಲೆ ಡಾಕರ್, ಡಾಕರ್ ಒಳಗೆ ಮೂರು ಕಂಟೇನರ್: ಎಂಜಿನ್‌ಎಕ್ಸ್, ನೋಡ್ ಆ್ಯಪ್, ಮೊಂಗೊಡಿಬಿ. ಸರ್ವರ್ ಶುರು ಮಾಡಿದ ದಿನವೇ ಅವನಿಗೆ ಹೇಳಿದ್ದೆವು, "ತಮ್ಮಾ, ಫೈರ್‌ವಾಲ್ ಮರೀಬೇಡ." ಅವನು ತಲೆಯಾಡಿಸಿದ್ದ.

ಕ್ಲಾಸು ಬಿಟ್ಟ ಕೂಡಲೇ ಅವನನ್ನು ಲ್ಯಾಬಿನ ಹೊರಗೆ ಕರೆದು ನಿಲ್ಲಿಸಿದೆವು.

"ಫೈರ್‌ವಾಲ್ ಹಾಕು ಅಂದಿದ್ವಲ್ಲೋ?"

"ಹಾಕಿದೀನಿ ಅಣ್ಣಾ."

"ಹಾಕಿದ್ರೆ ಹೆಂಗೋ ಒಳಗೆ ಬಂದ್ರು? ಗೋಡೆ ಹಾರಿದ್ರಾ?"

ಅವನ ಹತ್ತಿರ ಉತ್ತರ ಇರಲಿಲ್ಲ. ಇನ್ನೂ ಎರಡು ಮಾತು ಜೋರಾಗಿಯೇ ಅಂದೆವು. ಆ ಸಂಜೆ ಸರ್ವರಿನಿಂದ ಅವನ ಎಸ್‌ಎಸ್‌ಎಚ್ ಕೀಯನ್ನೂ ತೆಗೆದುಹಾಕಿದೆವು. ತೆಗೆದದ್ದನ್ನು ಅವನಿಗೆ ಹೇಳಲೂ ಇಲ್ಲ. ರಾತ್ರಿ ಲಾಗಿನ್ ಆಗಲು ನೋಡಿ, ಆಗದೆ, ಅವನಿಗೇ ಗೊತ್ತಾಯಿತು.

ಇದನ್ನು ಇಲ್ಲಿ ಬರೆಯಲು ಮುಖ್ಯ ಕಾರಣ ಇದೇ. ಅವನು ನಿಜವನ್ನೇ ಹೇಳಿದ್ದ. ಬೀಗ ಹಾಕಿಯೇ ಇತ್ತು.

ರಾತ್ರಿ ಹನ್ನೊಂದಕ್ಕೆ ನಾವೇ ಸರ್ವರಿಗೆ ಹೋಗಿ ಯುಎಫ್‌ಡಬ್ಲ್ಯು ಸ್ಟೇಟಸ್ ನೋಡಿದೆವು. ಆ್ಯಕ್ಟಿವ್ ಇತ್ತು. ಒಳಬರುವುದೆಲ್ಲಕ್ಕೂ ಡಿನೈ. 22, 80, 443 ಇಷ್ಟಕ್ಕೆ ಮಾತ್ರ ಅನುಮತಿ. ಪುಸ್ತಕದಲ್ಲಿ ಇದ್ದ ಹಾಗೇ ಇತ್ತು. ನಂತರ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಸಿ ಹೊರಗಿನಿಂದ ಎನ್‌ಮ್ಯಾಪ್ ಓಡಿಸಿದರೆ, ಮೊಂಗೊಡಿಬಿಯ 27017 ಪೋರ್ಟ್ "ಓಪನ್" ಅಂತ ಬಂತು. ಒಂದೇ ಟೇಬಲ್ ಮೇಲೆ ಎರಡು ಪರದೆ. ಒಂದು ಮುಚ್ಚಿದೆ ಅನ್ನುತ್ತದೆ, ಇನ್ನೊಂದು ತೆರೆದಿದೆ ಅನ್ನುತ್ತದೆ. ಎರಡೂ ಸುಳ್ಳು ಹೇಳುತ್ತಿಲ್ಲ.

27017ಕ್ಕೆ ಅಂತಲೇ ಬೇರೆ ಡಿನೈ ರೂಲ್ ಹಾಕಿದೆವು. ಓಪನ್. ಯುಎಫ್‌ಡಬ್ಲ್ಯು ಆರಿಸಿ ಹಚ್ಚಿದೆವು. ಓಪನ್. ಸರ್ವರನ್ನೇ ರೀಬೂಟ್ ಮಾಡಿದೆವು, ಎಂಜಿನಿಯರಿಂಗಿನಲ್ಲಿ ನಮಗೆ ಕೈಬಂದಿರುವ ವಿದ್ಯೆ ಅದೊಂದೇ. ಆಗಲೂ ಓಪನ್.

ಆ ಹೊತ್ತಿಗೆ ನಿಜವಾದ ಕಂಟೇನರನ್ನು ನಿಲ್ಲಿಸಿ, ಅದೇ ಪೋರ್ಟಿಗೆ ಖಾಲಿ ಡೇಟಾಬೇಸೊಂದನ್ನು ಏರಿಸಿಕೊಂಡಿದ್ದೆವು, ಪರೀಕ್ಷೆಗೆ. ದಾರಿ ಸಿಕ್ಕಿದ್ದು ಐಪಿಟೇಬಲ್ಸ್‌ನ ಲೆಕ್ಕದಿಂದ. ವಿವರವಾಗಿ ಕೇಳಿದರೆ ಅದು ಪ್ರತಿ ರೂಲಿನ ಮುಂದೆ ಎಷ್ಟು ಪ್ಯಾಕೆಟ್ ಆ ರೂಲನ್ನು ಮುಟ್ಟಿದವು ಅಂತ ತೋರಿಸುತ್ತದೆ. ನಾವು ಹಾಕಿದ್ದ 27017ರ ಡಿನೈ ರೂಲಿನ ಮುಂದೆ ಸೊನ್ನೆ ಇತ್ತು. ಹೊರಗಿನಿಂದ ಹತ್ತು ಸಲ ಸಂಪರ್ಕ ಮಾಡಿದೆವು, ಹತ್ತು ಸಲವೂ ಆಯಿತು, ರೂಲಿನ ಮುಂದೆ ಮತ್ತೆ ಸೊನ್ನೆ. ಅಂದರೆ ರೂಲು ಸೋತಿರಲಿಲ್ಲ. ಅದರ ಹತ್ತಿರ ಯಾರೂ ಬಂದೇ ಇರಲಿಲ್ಲ.

ಆಮೇಲೆ ನ್ಯಾಟ್ ಟೇಬಲ್ ತೆಗೆದು ನೋಡಿದೆವು. ಅಲ್ಲಿ ಡಾಕರ್ ಅನ್ನೋ ಹೆಸರಿನ ಒಂದು ಚೈನ್ ಇತ್ತು. ಅದರಲ್ಲಿ 27017ಕ್ಕೆ ಬಂದದ್ದನ್ನು 172.18.0.3ಕ್ಕೆ ತಿರುಗಿಸು ಅನ್ನೋ ರೂಲು. ನಾವು ಒಮ್ಮೆ ಸಂಪರ್ಕ ಮಾಡಿದರೆ ಅದರ ಲೆಕ್ಕ ಒಂದು ಏರುತ್ತಿತ್ತು. (ನ್ಯಾಟ್ ಟೇಬಲಿಗೆ ಒಂದು ಸಂಪರ್ಕದ ಮೊದಲ ಪ್ಯಾಕೆಟ್ ಮಾತ್ರ ಕಾಣುತ್ತದೆ, ಉಳಿದವನ್ನು ಕರ್ನಲ್ ನೆನಪಿಟ್ಟುಕೊಂಡು ಅದೇ ದಾರಿಯಲ್ಲಿ ಕಳಿಸುತ್ತದೆ.) ಖುಷಿಯಾಗಿ ಟೀ ಕುಡಿಯಲು ಎದ್ದೆವು. ವಾಪಸ್ ಬಂದು ನೋಡಿದರೆ ಲೆಕ್ಕ ಮತ್ತೆ ಏರಿತ್ತು. ನಾವು ಯಾರೂ ಮುಟ್ಟಿರಲಿಲ್ಲ. ನಾವು ಟೀ ಕುಡಿಯುವಾಗಲೂ ಯಾರೋ ಬಂದು ಬಾಗಿಲು ತಳ್ಳಿ ನೋಡಿ ಹೋಗಿದ್ದರು.

ಇದರಲ್ಲಿ ಆಶ್ಚರ್ಯವೇನಿಲ್ಲ ಅಂತ ಆಮೇಲೆ ಗೊತ್ತಾಯಿತು. ಐಪಿವಿ4 ವಿಳಾಸ 32 ಬಿಟ್, ಒಟ್ಟು ಸುಮಾರು 429 ಕೋಟಿ ವಿಳಾಸ. ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಮಾಡಿದ ಝಡ್‌ಮ್ಯಾಪ್ ಅನ್ನೋ ಸಾಧನ, ಗಿಗಾಬಿಟ್ ವೇಗದ ಒಂದೇ ಕಂಪ್ಯೂಟರಿನಿಂದ ಇಡೀ ಸಾರ್ವಜನಿಕ ಐಪಿವಿ4 ಜಗತ್ತಿನ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡಬಲ್ಲದು. ನಮ್ಮಂಥ ಚಿಕ್ಕ ಸೈಟನ್ನು ಯಾರು ಹುಡುಕಿಕೊಂಡು ಬರ್ತಾರೆ ಅಂದುಕೊಂಡಿದ್ದೆವು. ಯಾರೂ ಹುಡುಕಿಕೊಂಡು ಬರಬೇಕಿಲ್ಲ. ಎಲ್ಲ ಮನೆಯನ್ನೂ ತಟ್ಟುತ್ತಾ ಹೋಗುವವನಿಗೆ ನಮ್ಮದೂ ಒಂದು ಮನೆ. 2017ರ ಜನವರಿಯಲ್ಲಿ ಸಾವಿರಾರು ಮೊಂಗೊಡಿಬಿ ಡೇಟಾಬೇಸ್‌ಗಳು ಹೀಗೇ ಖಾಲಿಯಾಗಿ ಇಂಥದೇ ಚೀಟಿ ಹೊತ್ತಿದ್ದವು. ಅದೇ ವರ್ಷ ಬಂದ 3.6 ಆವೃತ್ತಿಯಿಂದ ಮೊಂಗೊಡಿಬಿ ತಾನಾಗಿ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕಿವಿಗೊಡುತ್ತದೆ. ಆದರೆ ಅದರ ಡಾಕರ್ ಇಮೇಜ್ ಹಾಗಲ್ಲ, ಎಲ್ಲ ವಿಳಾಸಕ್ಕೂ ಕಿವಿ ತೆರೆದಿರುತ್ತದೆ. ಇಲ್ಲದಿದ್ದರೆ ಪಕ್ಕದ ಕಂಟೇನರಿಗೂ ಅದು ಸಿಗುವುದಿಲ್ಲವಲ್ಲ. ಪಾಸ್‌ವರ್ಡ್ ನಾವು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ನಾವು ಕೊಟ್ಟಿರಲಿಲ್ಲ. ಒಳಗೇ ಇರೋದಕ್ಕೆ ಪಾಸ್‌ವರ್ಡ್ ಯಾಕೆ?

ಸರಿ, ಪ್ಯಾಕೆಟ್ ಯಾವ ದಾರಿಯಲ್ಲಿ ಹೋಯಿತು? ನಾವು ಹಾಸ್ಟೆಲಿನ ಲೆಕ್ಕದಲ್ಲಿ ಅರ್ಥಮಾಡಿಕೊಂಡದ್ದನ್ನೇ ಹೇಳುತ್ತೇವೆ.

ಹಾಸ್ಟೆಲ್ ಆಫೀಸಿನ ಬಾಗಿಲಲ್ಲಿ ವಾಚ್‌ಮನ್ ಅಂಕಲ್ ಕೂತಿದ್ದಾರೆ ಅಂತಿಟ್ಟುಕೊಳ್ಳಿ. ಆಫೀಸಿಗೆ ಬರುವ ಪ್ರತಿ ಪಾರ್ಸೆಲನ್ನೂ ಪಟ್ಟಿ ನೋಡಿಯೇ ಒಳಗೆ ಬಿಡುತ್ತಾರೆ. ಭಾರಿ ನಿಯತ್ತಿನ ಮನುಷ್ಯ. ಆದರೆ ಅವರಿಗಿಂತ ಮುಂಚೆ, ಹೊರಗಿನ ಗೇಟಿನಲ್ಲಿ ಇನ್ನೊಬ್ಬ ನಿಂತಿದ್ದಾನೆ. ಅವನು ಕೆಲವು ಪಾರ್ಸೆಲ್‌ಗಳ ಮೇಲಿನ "ಆಫೀಸು" ಅನ್ನೋ ವಿಳಾಸದ ಮೇಲೆ ಚೀಟಿ ಅಂಟಿಸಿ "ರೂಮ್ 27" ಅಂತ ಬರೆಯುತ್ತಾನೆ. ಅಲ್ಲಿಂದ ಮುಂದೆ ಅದು ಆಫೀಸಿನ ಪಾರ್ಸೆಲ್ಲೇ ಅಲ್ಲ. ಮೆಟ್ಟಿಲು ಹತ್ತಿ, ಕಾರಿಡಾರ್ ಹಿಡಿದು ನೇರ ರೂಮಿಗೆ ಹೋಗುತ್ತದೆ. ಅಂಕಲ್ ನಿದ್ದೆ ಮಾಡಲಿಲ್ಲ, ಲಂಚ ತಿನ್ನಲಿಲ್ಲ. ಪಾರ್ಸೆಲ್ ಅವರ ಮುಂದೆ ಹಾದುಹೋಗಲೇ ಇಲ್ಲ.

ಗೇಟಿನಲ್ಲಿ ನಿಂತವನು ಲಿನಕ್ಸ್‌ನಲ್ಲಿ ಪ್ರಿರೂಟಿಂಗ್. ಅಂಕಲ್ ಕೂತಿರುವ ಬಾಗಿಲು ಇನ್‌ಪುಟ್. ಕಾರಿಡಾರ್ ಅಂದರೆ ಫಾರ್ವರ್ಡ್. ನಾವು ಕಾಂಪೋಸ್ ಕಡತದಲ್ಲಿ ಪೋರ್ಟ್ ಪ್ರಕಟಿಸಿದ ಕೂಡಲೇ ಡಾಕರ್ ಹೋಗಿ ಪ್ರಿರೂಟಿಂಗ್‌ನಲ್ಲಿ ವಿಳಾಸ ಬದಲಿಸುವ ರೂಲು ಬರೆಯುತ್ತದೆ. ಪ್ಯಾಕೆಟ್ ಸರ್ವರಿನ ವಿಳಾಸ ಹೊತ್ತು ಬರುತ್ತದೆ. ಬಂದ ಕ್ಷಣವೇ ಅದರ ಮೇಲೆ ಕಂಟೇನರಿನ ವಿಳಾಸ ಬೀಳುತ್ತದೆ. ಇದು ನನಗೋ ಬೇರೆಯವರಿಗೋ ಅಂತ ಕರ್ನಲ್ ಕೇಳಿಕೊಳ್ಳೋದು ಆಮೇಲೆ. ಆ ಹೊತ್ತಿಗೆ ಉತ್ತರ "ಬೇರೆಯವರಿಗೆ" ಅಂತಾಗಿರುತ್ತದೆ, ಹಾಗಾಗಿ ಅದು ಇನ್‌ಪುಟ್ ಬಿಟ್ಟು ಫಾರ್ವರ್ಡ್ ಹಿಡಿಯುತ್ತದೆ. ಯುಎಫ್‌ಡಬ್ಲ್ಯುನಲ್ಲಿ ನಾವು ಸಾಮಾನ್ಯವಾಗಿ ಬರೆಯುವ ಅಲೋ, ಡಿನೈ ಎಲ್ಲವೂ ಕೂತಿರೋದು ಇನ್‌ಪುಟ್‌ನಲ್ಲಿ. ಫಾರ್ವರ್ಡ್‌ನಲ್ಲಿಯೂ ಯುಎಫ್‌ಡಬ್ಲ್ಯುನ ನಾಲ್ಕು ಸಾಲು ಇವೆ, ಆದರೆ ಡಾಕರ್ ತನ್ನ ಸಾಲುಗಳನ್ನು ಅವುಗಳ ತಲೆಯ ಮೇಲೆ ಸೇರಿಸುತ್ತದೆ. ಮೇಲೆಯೇ "ಬಿಡು" ಅಂದಮೇಲೆ ಕೆಳಗಿನವರ ಮಾತು ಯಾರು ಕೇಳುತ್ತಾರೆ?

ಯಾರ ತಪ್ಪು ಅಂತ ಹುಡುಕುವ ಹುಮ್ಮಸ್ಸು ನಮಗೂ ಇತ್ತು. ಆದರೆ ಇತಿಹಾಸ ನೋಡಿದರೆ ಅದು ಅಷ್ಟು ಸುಲಭವಲ್ಲ. ನೆಟ್‌ಫಿಲ್ಟರ್, ಐಪಿಟೇಬಲ್ಸ್ ಬಂದದ್ದು 2001ರ 2.4 ಕರ್ನಲ್ ಜೊತೆ. ಆ ಸಾಲುಗಳನ್ನು ಕೈಯಲ್ಲಿ ಬರೆಯೋದು ಕಷ್ಟ ಅಂತ ಉಬುಂಟುವಿನವರು 2008ರಲ್ಲಿ ಯುಎಫ್‌ಡಬ್ಲ್ಯು ಕೊಟ್ಟರು. ಆಗ ಸರ್ವರ್ ಅಂದರೆ ಒಂದು ಮನೆ, ಒಂದು ಬಾಗಿಲು. ಡಾಕರ್ ಬಂದದ್ದು 2013ರಲ್ಲಿ. ಅದು ಒಂದು ಮನೆಯನ್ನು ಹಾಸ್ಟೆಲ್ ಮಾಡಿತು. ಇಬ್ಬರೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದಿಲ್ಲ. ಯುಎಫ್‌ಡಬ್ಲ್ಯು ಜೊತೆ ಹೊಂದಿಕೆಯಾಗೋದಿಲ್ಲ ಅಂತ ಡಾಕರ್‌ನ ದಾಖಲೆಯಲ್ಲೇ ಇದೆ. ನಾವು ಆ ಪುಟದವರೆಗೆ ಹೋಗಿರಲಿಲ್ಲ. ಇನ್‌ಸ್ಟಾಲ್ ಆದಮೇಲೆ ದಾಖಲೆ ಯಾರು ಓದ್ತಾರೆ ಹೇಳಿ.

ವಿಳಾಸ ಬದಲಿಸುವ ಈ ಚಾಳಿಯೂ ಹೊಸದಲ್ಲ. ವಿಳಾಸಗಳು ಮುಗಿದುಹೋಗುತ್ತವೆ ಅನ್ನೋ ಹೆದರಿಕೆಯಲ್ಲಿ 1994ರಲ್ಲಿ ಬಂದ ಆರ್‌ಎಫ್‌ಸಿ 1631 ಇದನ್ನು ವಿವರಿಸಿತು. 1996ರ ಆರ್‌ಎಫ್‌ಸಿ 1918 ಮನೆಯೊಳಗೆ ಬಳಸುವ ವಿಳಾಸಗಳನ್ನು ಎತ್ತಿಟ್ಟಿತು: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರವು. ಡಾಕರ್ ಮೊದಲಿಗೆ ಹಿಡಿಯೋದು 172.17. ಯಾವುದಾದರೂ ಕ್ಯಾಂಪಸ್ಸಿನ ವೈಫೈ ಕೂಡ ಅದೇ ಸಾಲಿನಲ್ಲಿದ್ದರೆ, ಡಾಕರ್ ಹಾಕಿದ ದಿನದಿಂದ ಅಲ್ಲಿನ ಕೆಲವು ಸರ್ವರ್‌ಗಳು ನಿಮ್ಮ ಲ್ಯಾಪ್‌ಟಾಪಿಗೆ ಮಾತ್ರ ಸಿಗೋದಿಲ್ಲ. ಅದು ಬೇರೆಯೇ ಕಥೆ, ಇನ್ನೊಂದು ಸಂಚಿಕೆಗೆ ಇರಲಿ.

ಇನ್ನು ಆ 27017ನ್ನು ಪ್ರಕಟಿಸಿದ್ದು ಯಾರು? ಪಕ್ಕದ ಕಂಟೇನರಿನಿಂದ ಡೇಟಾಬೇಸಿಗೆ ಹೋಗಲು ಪೋರ್ಟ್ ಪ್ರಕಟಿಸುವ ಅಗತ್ಯವೇ ಇಲ್ಲ. ಒಂದೇ ಕಾಂಪೋಸ್ ಜಾಲದಲ್ಲಿದ್ದರೆ ಹೆಸರು ಹಿಡಿದು ಕರೆದರೆ ಸಾಕು. ಗಿಟ್‌ನಲ್ಲಿ ಬ್ಲೇಮ್ ಅಂತ ಒಂದು ಕಮ್ಯಾಂಡ್ ಇದೆ. ಯಾವ ಸಾಲು ಯಾರು ಯಾವತ್ತು ಬರೆದರು ಅಂತ ಹೇಳುತ್ತದೆ. ರಾತ್ರಿ ಎರಡು ಗಂಟೆಗೆ ಅದನ್ನು ಓಡಿಸಿದೆವು. ಆ ಸಾಲಿನ ಮುಂದೆ ಬಂದ ಹೆಸರು ಜೂನಿಯರ್ ಹುಡುಗನದಲ್ಲ. ನಮ್ಮ ಮೂವರಲ್ಲಿ ಒಬ್ಬನದು.

ಅಕ್ಟೋಬರಿನ ಒಂದು ಶನಿವಾರ ನಮ್ಮಲ್ಲೊಬ್ಬ ಪಿಜಿಯಲ್ಲಿ ಕೂತು, ಡೇಟಾ ಹೇಗೆ ಕಾಣುತ್ತದೆ ಅಂತ ಲ್ಯಾಪ್‌ಟಾಪಿನ ಆ್ಯಪ್‌ನಲ್ಲಿ ನೋಡಲು ಆ ಸಾಲು ಸೇರಿಸಿದ್ದ. ಆಮೇಲೆ ತೆಗೆದರಾಯಿತು ಅಂದುಕೊಂಡಿದ್ದ. ಸಂಪರ್ಕ ಆಯಿತು. ಫೈರ್‌ವಾಲ್ ಇದ್ದೂ ಹೇಗಾಯಿತು ಅಂತ ಅವನಿಗೆ ಹೊಳೆಯಲಿಲ್ಲ, ತಮ್ಮ ನನಗೋಸ್ಕರ ಬಿಟ್ಟಿರಬೇಕು ಅಂದುಕೊಂಡ. ಹುಡುಗ ಆಮೇಲೊಂದು ದಿನ ಎನ್‌ಮ್ಯಾಪ್ ಓಡಿಸಿ ಪರೀಕ್ಷೆಯನ್ನೂ ಮಾಡಿದ್ದ. ಆದರೆ ಕಾಲೇಜು ವೈಫೈಯಿಂದ. ನಮ್ಮ ಕ್ಯಾಂಪಸ್ ಜಾಲ ವೆಬ್ ಬಿಟ್ಟು ಬೇರೆ ಪೋರ್ಟುಗಳಿಗೆ ಹೊರಗೆ ಹೋಗಲು ಬಿಡುವುದಿಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ. ಅವನಿಗೆ ಸಿಕ್ಕ ಉತ್ತರ "ಫಿಲ್ಟರ್ಡ್". ತನ್ನ ಬೀಗ ಕೆಲಸ ಮಾಡ್ತಿದೆ ಅಂದುಕೊಂಡ. ಅದು ಕಾಲೇಜಿನ ಬೀಗ. ವಿಎಂ ಕೊಡುವ ಕಂಪನಿಯ ಕಡೆ ಹೊರಗೊಂದು ಫೈರ್‌ವಾಲ್ ಇರುತ್ತದೆ, ಅದಿದ್ದಿದ್ದರೂ ತಡೆಯುತ್ತಿತ್ತು. ಎರಡೆರಡು ಕಡೆ ಯಾಕೆ ತಲೆನೋವು ಅಂತ ಅದನ್ನು ಶುರುವಿನಲ್ಲೇ ಪೂರ್ತಿ ತೆರೆದಿಟ್ಟಿದ್ದು ಕೂಡ ನಾವೇ.

ಬೆಳಿಗ್ಗೆ ಏಳಕ್ಕೆ ಅವನ ರೂಮಿನ ಬಾಗಿಲು ತಟ್ಟಿದೆವು. ಅರ್ಧ ನಿದ್ದೆಯಲ್ಲಿದ್ದ. "ಲೋ, ನಿಂದೇನೂ ತಪ್ಪಿಲ್ಲ ಕಣೋ. ನಮ್ಮದೇ" ಅಂದೆವು. ಸಿನಿಮಾದಲ್ಲಾದರೆ ತಬ್ಬಿಕೊಳ್ಳುತ್ತಿದ್ದರೇನೋ. ಅವನು, "ಕೀ ವಾಪಸ್ ಹಾಕಿದೀರಾ?" ಅಂತ ಕೇಳಿದ, ಅಷ್ಟೇ. ಎರಡು ದಿನ ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದು ಅವನ ಹಕ್ಕು.

ರಿಪೇರಿ ಕೂಡ ಒಂದೇ ಏಟಿಗೆ ಆಗಲಿಲ್ಲ. ಮೊದಲು ಕೇಳಿಬಂದ ಉಪಾಯ, ಡಾಕರ್‌ನ ಸೆಟ್ಟಿಂಗ್‌ನಲ್ಲಿ ಐಪಿಟೇಬಲ್ಸ್ ಮುಟ್ಟಬೇಡ ಅಂತ ಹೇಳಿಬಿಡೋದು. ಹೇಳಿದೆವು. ಯುಎಫ್‌ಡಬ್ಲ್ಯು ತಕ್ಷಣ ಕೆಲಸ ಮಾಡಿತು, ಯಾಕೆಂದರೆ ಈಗ ಬರುವ ಸಂಪರ್ಕಗಳನ್ನು ಸರ್ವರಿನ ಮೇಲೇ ಓಡುವ ಡಾಕರ್ ಪ್ರಾಕ್ಸಿ ಅನ್ನೋ ಪ್ರೋಗ್ರಾಂ ಎತ್ತಿಕೊಳ್ಳುತ್ತದೆ, ಅದರ ದಾರಿ ಇನ್‌ಪುಟ್. ಆದರೆ ಕಂಟೇನರ್‌ಗಳಿಂದ ಹೊರಗೆ ಹೋಗುವ ದಾರಿ ಬಿದ್ದುಹೋಯಿತು. ಒಳಗಿನ ವಿಳಾಸ ಮರೆಸಿ ಹೊರಗಿನ ವಿಳಾಸ ಹಚ್ಚುವ ಮಾಸ್ಕರೇಡ್ ರೂಲನ್ನೂ ಡಾಕರೇ ಬರೆಯುತ್ತಿತ್ತಲ್ಲ. ಆ್ಯಪಿನಿಂದ ಒಟಿಪಿ ಮೇಲ್ ಹೋಗುವುದು ನಿಂತಿತು. ಬಂದವರ ಐಪಿ ವಿಳಾಸವೂ ಲಾಗಿನಲ್ಲಿ ಎಲ್ಲರದ್ದೂ ಒಂದೇ, 172.18.0.1. ವಾಪಸ್ ಹೊಡೆದೆವು.

ಸರಿಯಾದ ಜಾಗದ ಹೆಸರು ಡಾಕರ್-ಯೂಸರ್. 2017ರ 17.06 ಆವೃತ್ತಿಯಿಂದ ಡಾಕರ್ ಈ ಚೈನನ್ನು ನಮಗೋಸ್ಕರವೇ ಖಾಲಿ ಬಿಟ್ಟಿದೆ. ಫಾರ್ವರ್ಡ್‌ನಲ್ಲಿ ಡಾಕರ್ ತನ್ನ "ಬಿಡು" ಹೇಳುವ ಮುಂಚೆ ಪ್ಯಾಕೆಟ್ ಇಲ್ಲಿ ಬಂದು ಹೋಗುತ್ತದೆ. ಅಂದರೆ ಕಾರಿಡಾರಿನ ಬಾಯಲ್ಲಿ ಒಂದು ಕುರ್ಚಿ ಇದೆ, ಅದರಲ್ಲಿ ಕೂರಿಸಲು ನಾವೇ ಒಬ್ಬರನ್ನು ತರಬೇಕು. ತಂದೆವು. ಹೊರಗಿನಿಂದ ಬರುವುದೆಲ್ಲವನ್ನೂ ಬೀಳಿಸು, 80 ಮಾತ್ರ ಬಿಡು ಅಂತ ಬರೆದೆವು. ಸೈಟೇ ನಿಂತುಹೋಯಿತು.

ಇಲ್ಲಿ ಅರ್ಧ ದಿನ ಹೋಯಿತು. ಕಾರಣ ಗೊತ್ತಾದಾಗ ಹಣೆ ಚಚ್ಚಿಕೊಂಡೆವು. ನಮ್ಮ ಎಂಜಿನ್‌ಎಕ್ಸ್ ಕಂಟೇನರ್ ಒಳಗೆ 8080ರಲ್ಲಿ ಕೂತಿತ್ತು, ಹೊರಗೆ 80 ಅಂತ ಪ್ರಕಟವಾಗಿತ್ತು. ಈ ಕುರ್ಚಿಯ ಹತ್ತಿರ ಬರುವಷ್ಟರಲ್ಲಿ ಚೀಟಿ ಅಂಟಿಸಿ ಆಗಿರುತ್ತದೆ, ಪ್ಯಾಕೆಟ್ ಮೇಲೆ ಈಗಿರುವುದು 8080. 80 ಅಂತ ಹುಡುಕುತ್ತಿದ್ದ ನಮ್ಮ ರೂಲಿಗೆ ಅದು ಸಿಗಲೇ ಇಲ್ಲ. 8080 ಅಂತ ಬರೆದರೂ ನಡೆಯುತ್ತದೆ, ಆದರೆ ನಾಳೆ ಇನ್ನೊಂದು ಕಂಟೇನರೂ ಒಳಗೆ 8080 ಅಂದರೆ ಅದೂ ತೆರೆದುಕೊಳ್ಳುತ್ತದೆ. ಚೀಟಿಯ ಕೆಳಗಿನ ಮೂಲ ವಿಳಾಸ ಕರ್ನಲಿನ ಕಾನ್‌ಟ್ರ್ಯಾಕ್ ನೆನಪಿನಲ್ಲಿ ಇರುತ್ತದೆ, ಮೊದಲು ಯಾವ ಪೋರ್ಟಿಗೆ ಬಂದಿದ್ದೆ ಅಂತ ಅದನ್ನೇ ಕೇಳಬಹುದು. ಹಾಗೆ ಕೇಳಿ 80, 443 ಎರಡನ್ನು ಬಿಟ್ಟೆವು. ಇನ್ನೊಂದು ಎಡವಟ್ಟು: ಆಗಲೇ ಶುರುವಾದ ಸಂಪರ್ಕಗಳ ಉತ್ತರ ಒಳಗೆ ಬರಲಿ ಅನ್ನೋ ಸಾಲನ್ನು ಎಲ್ಲಕ್ಕಿಂತ ಮೇಲೆ ಬರೆಯಬೇಕು. ನಾವು ಮರೆತಿದ್ದೆವು. ಕಂಟೇನರ್ ಹೊರಗೆ ಕೇಳಿದ ಪ್ರಶ್ನೆಗೆ ಉತ್ತರ ಬಂದರೂ ನಮ್ಮವನೇ ಬಾಗಿಲಲ್ಲಿ ಅದನ್ನು ಬೀಳಿಸುತ್ತಿದ್ದ. ಒಟಿಪಿ ಮತ್ತೆ ನಿಂತಿತ್ತು.

ಕೊನೆಗೆ ಈ ಸಾಲುಗಳನ್ನೆಲ್ಲ ಸರಿಯಾದ ಕ್ರಮದಲ್ಲಿ ಬರೆದು, ರೀಬೂಟ್ ಆದರೂ ಉಳಿಯುವ ಹಾಗೆ ಯುಎಫ್‌ಡಬ್ಲ್ಯುನ ಆಫ್ಟರ್ ರೂಲ್ಸ್ ಕಡತದಲ್ಲಿ ಇಟ್ಟಿದ್ದು ಆ ಹುಡುಗನೇ. ಮೊಂಗೊಡಿಬಿಯ ಪೋರ್ಟ್ ಸಾಲನ್ನು ಅಳಿಸಿದ. ನಮ್ಮಲ್ಲೊಬ್ಬ ಮುಖ ಸಣ್ಣ ಮಾಡಿಕೊಂಡಿದ್ದಕ್ಕೆ 127.0.0.1ಕ್ಕೆ ಮಾತ್ರ ಕಟ್ಟಿದ ಒಂದು ಪೋರ್ಟ್ ಕೊಟ್ಟು, "ನೋಡ್ಬೇಕಂದ್ರೆ ಎಸ್‌ಎಸ್‌ಎಚ್ ಟನಲ್ ಹಾಕ್ಕೊಂಡು ನೋಡಿ ಅಣ್ಣಾ" ಅಂದ. ಡಾಕರ್ 28ಕ್ಕಿಂತ ಹಳೆಯದಾದರೆ ಹೀಗೆ ಕಟ್ಟಿದ ಪೋರ್ಟಿಗೂ ಅದೇ ಸ್ವಿಚ್ಚಿನ ಅಕ್ಕಪಕ್ಕದ ಕಂಪ್ಯೂಟರ್‌ಗಳು ತಲುಪಬಹುದು ಅಂತ ಓದಿ ಆವೃತ್ತಿಯನ್ನೂ ಏರಿಸಿದ. ಪಾಸ್‌ವರ್ಡ್ ಇಟ್ಟ. ಹೊರಗಿನ ಫೈರ್‌ವಾಲಿನಲ್ಲೂ ಮೂರೇ ಪೋರ್ಟ್ ಬಿಟ್ಟ. ನಮ್ಮ ವಿಎಂಗೆ ಐಪಿವಿ6 ವಿಳಾಸವಿಲ್ಲ, ಇದ್ದವರು ಅದಕ್ಕೆ ಬೇರೆಯಾಗಿ ಬರೆಯಬೇಕು. ರೂಟ್‌ಲೆಸ್ ಡಾಕರ್ ಬಳಸಿದರೆ ಸಂಪರ್ಕಗಳು ಇನ್‌ಪುಟ್ ದಾರಿಯಲ್ಲೇ ಬರುತ್ತವೆ, ಯುಎಫ್‌ಡಬ್ಲ್ಯು ಮಾತು ನಡೆಯುತ್ತದೆ ಅಂತಲೂ ಅವನೇ ಹೇಳಿದ. ಮುಂದಿನ ವರ್ಷ ಅವನು ಅದನ್ನು ಮಾಡಬಹುದು. ಈಗ ಪ್ರತಿ ಭಾನುವಾರ ರಾತ್ರಿ, ಬೇರೆ ಊರಿನಲ್ಲಿರುವ ಅವನ ಸ್ನೇಹಿತನ ಮನೆಯ ಕಂಪ್ಯೂಟರಿನಿಂದ ನಮ್ಮ ಸರ್ವರಿನ ಎಲ್ಲ ಪೋರ್ಟುಗಳನ್ನೂ ತಟ್ಟಿ ನೋಡಿ ಗುಂಪಿಗೆ ಮೆಸೇಜ್ ಬರುತ್ತದೆ. ಕಾಲೇಜು ವೈಫೈಯಿಂದ ಅಲ್ಲ.

ಡೇಟಾಗೆ ಬರೋಣ. ಕ್ಯಾಂಪಸ್ ಬಿಟ್ಟು ಹೋದ ಹಿರಿಯರೊಬ್ಬರಿಗೆ ಫೋನ್ ಮಾಡಿ ಕೇಳಿದಾಗ, "ಬ್ಯಾಕಪ್ ಹಾಕಿ ಸುಮ್ನಿರ್ರೋ, ಯಾರಿಗೂ ಗೊತ್ತಾಗಲ್ಲ" ಅಂದರು. ಅರ್ಧ ಗಂಟೆ ನಾವೂ ಹಾಗೇ ಮಾಡೋಣ ಅಂದುಕೊಂಡದ್ದು ನಿಜ. ಆದರೆ ಇನ್ನೂರಕ್ಕೂ ಹೆಚ್ಚು ಜನರ ಹೆಸರು, ನಂಬರ್ ಈಗ ಯಾರದೋ ಕೈಯಲ್ಲಿದೆ. ಅವರಲ್ಲಿ ಯಾರಿಗಾದರೂ ನಾಳೆ "ನಿಮ್ಮ ಕಾಲೇಜಿನಿಂದ ಮಾತಾಡ್ತಿದೀವಿ, ಒಟಿಪಿ ಹೇಳಿ" ಅಂತ ಫೋನ್ ಬಂದರೆ? ಸಂಘದ ಸಭೆ ಕರೆದು ನಿಂತು ಹೇಳಿದೆವು. ಬರದವರಿಗೆ ಮೆಸೇಜ್ ಕಳಿಸಿದೆವು. ಬೈದವರು ಬೈದರು. ಒಬ್ಬಳು, "ನಂಬರ್ ಯಾಕೆ ಕೇಳಿದ್ರಿ ಅಂತ ಆವತ್ತೇ ಅಂದ್ಕೊಂಡಿದ್ದೆ" ಅಂದಳು. ಆ ಫಾರ್ಮಿನಲ್ಲಿ ಈಗ ನಂಬರಿನ ಜಾಗವಿಲ್ಲ. ದುಡ್ಡು ಕಳಿಸಲಿಲ್ಲ. ಇಂಥವರು ಹೆಚ್ಚಾಗಿ ಅಳಿಸಿ ಹೋಗಿರುತ್ತಾರೆ, ಇಟ್ಟುಕೊಂಡಿರುವುದಿಲ್ಲ ಅಂತ ಓದಿದ್ದೆವು. ಇದ್ದರೂ ಕಳಿಸಲು ನಮ್ಮ ಹತ್ತಿರ ಏನಿತ್ತು.

ಒಂದು ಹಳೆಯ ಬ್ಯಾಕಪ್ ಲ್ಯಾಪ್‌ಟಾಪಿನಲ್ಲಿತ್ತು, ಅದರಿಂದ 500 ಚಿಲ್ಲರೆ ಪದ ಬಂದವು. ಉಳಿದ ಸುಮಾರು 400ರ ಧ್ವನಿ ಕಡತಗಳು ಡೇಟಾಬೇಸಿನಲ್ಲಿರಲಿಲ್ಲ, ಬೇರೆ ಫೋಲ್ಡರಿನಲ್ಲಿದ್ದವು, ಉಳಿದುಕೊಂಡವು. ಆದರೆ ಕಡತದ ಹೆಸರೆಲ್ಲ ಅರ್ಥವಿಲ್ಲದ ಅಂಕಿ ಅಕ್ಷರ. ಯಾವುದು ಯಾರದು, ಯಾವ ಊರಿನದು, ಅರ್ಥವೇನು ಅನ್ನೋದೆಲ್ಲ ಡೇಟಾಬೇಸ್ ಜೊತೆ ಹೋಗಿತ್ತು. ಸಂಘದ ಕೋಣೆಯಲ್ಲಿ ಸ್ಪೀಕರ್ ಇಟ್ಟು ಸಂಜೆಯಿಂದ ಸಂಜೆಗೆ ಒಂದೊಂದೇ ಹಾಕಿ ಕೇಳಿದೆವು. ಹಿಂದೆ ಕೋಳಿ ಕೂಗುತ್ತದೆ, ಟಿವಿಯಲ್ಲಿ ಧಾರಾವಾಹಿ, ಯಾರೋ "ಏ ಫೋನು ಹತ್ರ ಹಿಡಿ" ಅನ್ನುತ್ತಾರೆ, ಆಮೇಲೆ ಒಂದು ಪದ. ಕೇಳಿದವರು "ಅಯ್ಯೋ ಇದು ನಮ್ಮಜ್ಜ" ಅಂತ ಎದ್ದು ನಿಲ್ಲುತ್ತಿದ್ದರು.

ಕ್ಯಾಂಟೀನ್ ಸಾಲಿನಲ್ಲಿ ಮೊದಲು ಬಂದು ಹೇಳಿದ ಹುಡುಗಿ ತುಮಕೂರು ಕಡೆಯವಳು. ಅವಳಜ್ಜಿಯ ಧ್ವನಿ ಸಿಕ್ಕಿತು. "ಹಗೇವು" ಅಂತ ಒಂದೇ ಪದ, ಅಷ್ಟಕ್ಕೇ ಕಡತ ಮುಗಿಯುತ್ತದೆ. ಅರ್ಥ ಇವಳು ಟೈಪ್ ಮಾಡಿದ್ದಳು, ಅದು ಹೋಗಿತ್ತು. ನಮ್ಮೆದುರೇ ಅಜ್ಜಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಅಲ್ಲ ಕಣೆ ಮಗಾ, ಮೊನ್ನೆ ತಾನೆ ಹೇಳಿದ್ನಲ್ಲ, ಬರ್ಕಳ್ಳಿಲ್ವಾ?"

"ಬರ್ಕೊಂಡಿದ್ದೆ ಅಜ್ಜಿ, ಕಳದೋಯ್ತು. ಇನ್ನೊಂದ್ಸಲ ಹೇಳು."

ಅಜ್ಜಿ ಹೇಳಿದರು. ಹಗೇವು ಅಂದರೆ ನೆಲದೊಳಗೆ ರಾಗಿ ತುಂಬಿಡುವ ಗುಂಡಿ, ವರ್ಷಗಟ್ಟಲೆ ಕೆಡೋದಿಲ್ಲ. ಹಿಂದಿನ ಸಲ ಇವಳು ಕೇಳಿರದ ಇನ್ನೊಂದು ಮಾತೂ ಸೇರಿಸಿದರು. "ಬಾಯಿ ತಗದ ಕೂಡ್ಲೆ ಒಳಕ್ಕೆ ಇಳೀಬಾರ್ದು ಮತ್ತೆ. ಉಸ್ರು ಕಟ್ಟೋಗ್ತದೆ. ವಸಿ ಹೊತ್ತು ತಗದು ಬಿಡ್ಬೇಕು. ಆಮ್ಯಾಕೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸ್ ನೋಡ್ಬೇಕು. ಉರೀತಾ ಇದ್ರೆ ಇಳಿ, ಆರೋದ್ರೆ ಸುಮ್ನೆ ಇರು." ಹುಡುಗ ಅದನ್ನು ಪೂರ್ತಿ ರೆಕಾರ್ಡ್ ಮಾಡಿಕೊಂಡ. ಈಗ ಸೈಟಿನಲ್ಲಿ "ಹಗೇವು" ಒತ್ತಿದರೆ ಇದೂ ಕೇಳುತ್ತದೆ.

ಇನ್ನೂ 41 ಕಡತಗಳು ಯಾರವು ಅಂತ ಗೊತ್ತಾಗಿಲ್ಲ. ಒಂದರಲ್ಲಿ ವಯಸ್ಸಾದ ಗಂಡಸೊಬ್ಬರು "ನೆಲುವು" ಅಂತ ಹೇಳಿ ಜೋರಾಗಿ ನಗುತ್ತಾರೆ, ಹಿಂದೆ ಮಳೆ ಹೊಯ್ಯುತ್ತಿದೆ. ನಿಮ್ಮ ತಾತ ಇರಬಹುದು. ಬುಧವಾರ, ಶುಕ್ರವಾರ ಸಂಜೆ ಐದರಿಂದ ಸಂಘದ ಕೋಣೆ ತೆರೆದಿರುತ್ತದೆ, ಬಂದು ಕೇಳಿ.